ಹಳೆ ಡೆಸ್ಕ್‌ಟಾಪಿಗೆ ಎಸ್‌ಎಸ್‌ಡಿ ಹಾಕ್ಸಿದ್ದು: ತೀರ್ಥಹಳ್ಳಿಯ ನಮ್ಮ ಡಿಟಿಪಿ ಅಂಗಡಿಯಿಂದ

ಹಳೆ ಡೆಸ್ಕ್‌ಟಾಪ್ ಸ್ಲೋ ಆಗಿದೆ, ಇನ್ನು ಹೊಸದು ತಗಳ್ಳೋದೇ ಸೈ ಅಂತ ಲೆಕ್ಕ ಹಾಕ್ತಾ ಕೂತಿರೋರು ದುಡ್ಡು ಬಿಚ್ಚೋಕೆ ಮುಂಚೆ ಇದನ್ನೊಂದ್ಸಲ ಓದಿ. ನಮ್ದು ತೀರ್ಥಹಳ್ಳಿಯಲ್ಲಿ ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ, ಜೊತೆಗೆ ಆನ್‌ಲೈನ್ ಅರ್ಜಿ ಹಾಕೋ ಕೆಲ್ಸನೂ ಇದೆ. ಎರಡು ಡೆಸ್ಕ್‌ಟಾಪ್ ಇದಾವೆ. ಒಳಗಡೆ ಡಿಸೈನ್ ಮಾಡೋದು ನಾಲ್ಕನೇ ಜನರೇಶನ್ ಐ5, ಎಚ್81 ಚಿಪ್‌ಸೆಟ್ಟಿನ ಮದರ್‌ಬೋರ್ಡು, 8 ಜಿಬಿ ರ‍್ಯಾಮ್. ಕೌಂಟರ್‌ನಲ್ಲಿರೋದು ಇನ್ನೂ ಹಳೇದು, ಮೂರನೇ ಜನರೇಶನ್ ಐ3, ಎಚ್61 ಬೋರ್ಡು, 4 ಜಿಬಿ ರ‍್ಯಾಮ್. ಎರಡಕ್ಕೂ ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದ್ಲು ಹಾಕೋ ಚಿಪ್ಪಿನ ಡ್ರೈವು; ಸಾಟಾ ಅಂದ್ರೆ ಹಾರ್ಡ್ ಡಿಸ್ಕ್ ಸಿಕ್ಕಿಸೋ ಅದೇ ಮಾಮೂಲಿ ಕನೆಕ್ಷನ್) ಹಾಕ್ಸಿ ಒಂದು ಮದುವೆ ಸೀಸನ್ನು, ಒಂದು ಮಳೆಗಾಲ ಪೂರ್ತಿ ದುಡಿಸ್ಕಂಡ ಮೇಲೆ ಬರಿತಾ ಇದೀನಿ, ಅದ್ಕೆ ಇದು ಡಬ್ಬಿ ಬಿಚ್ಚಿದ ದಿನದ ಖುಷಿಯಲ್ಲಿ ಬರ್ದಿದ್ದಲ್ಲ. ಒಂದೇ ಮಾತಲ್ಲಿ ಹೇಳೋದಾದ್ರೆ ಬೂಟ್ ಆಗೋ, ಅಂದ್ರೆ ವಿಂಡೋಸ್ ಇರೋ ಡ್ರೈವ್ ಒಂದನ್ನ ಬದಲಾಯಿಸಿದ್ರೆ ಸಾಕು, ಹತ್ತು ವರ್ಷದ ಹಳೆ ಮಷಿನ್ ಕೂಡ ಅಂಗಡಿ ಕೆಲ್ಸಕ್ಕೆ ಧಾರಾಳ ಆಗ್ತದೆ.

ಮೊದ್ಲು ಹೆಂಗಿತ್ತು ಅಂತ ಹೇಳ್ತೀನಿ, ಯಾಕಂದ್ರೆ ನಿಮ್ದೂ ಹಿಂಗೇ ಇದ್ರೆ ಇದೇ ಮದ್ದು. ಬೆಳಿಗ್ಗೆ ಬಂದು ಸ್ವಿಚ್ ಒತ್ತಿದ್ರೆ ವಿಂಡೋಸ್ ಲೋಗೋ ಸುತ್ತುತಾ ಇರೋದು, ಡೆಸ್ಕ್‌ಟಾಪ್ ಕಾಣಿಸ್ತು ಅಂತ ಮೌಸ್ ಹಿಡಿದ್ರೆ ಏನೂ ಅಲ್ಲಾಡ್ತಿರ್ಲಿಲ್ಲ, ಆಂಟಿವೈರಸ್ಸು, ಅಪ್‌ಡೇಟು, ಪ್ರಿಂಟರ್ ಸಾಫ್ಟ್‌ವೇರು ಎಲ್ಲಾ ಒಟ್ಟಿಗೆ ಎದ್ದು ಕೂರೋವು. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದ್ರೆ ಸಿಪಿಯು ಹತ್ತು ಹದಿನೈದು ಪರ್ಸೆಂಟ್, ರ‍್ಯಾಮ್ ಅರ್ಧ ಖಾಲಿ, ಡಿಸ್ಕ್ ಮಾತ್ರ 100 ಪರ್ಸೆಂಟ್ ಅಂತ ಕೆಂಪಗೆ ನಿಂತಿರೋದು. ಪಹಣಿ ತೆಗೆಸೋಕೆ ಬಂದೋರು ಕೌಂಟರ್ ಮೇಲೆ ಮೊಣಕೈ ಊರ್ಕಂಡು "ಎಂತ ಮಾರಾಯಾ, ಇನ್ನೂ ಬರ್ಲಿಲ್ವಾ, ನಂಗೆ ಹತ್ತೂಕಾಲರ ಬಸ್ಸಿದೆ" ಅನ್ನೋರು. ಅವ್ರಿಗೆ ಸರ್ವರ್ ಸ್ಲೋ ಇದೆ ಅಂತ ಹೇಳ್ಬಹುದಿತ್ತು, ಆದ್ರೆ ಬ್ರೌಸರ್ರೇ ಓಪನ್ ಆಗಿರ್ತಿರ್ಲಿಲ್ಲ. ಡಿಸೈನ್ ಮಷಿನ್‌ನಲ್ಲಂತೂ ಕೋರೆಲ್ ಡ್ರಾ ತೆರೆಯುವಾಗ ಫಾಂಟ್ ಲಿಸ್ಟ್ ಲೋಡ್ ಆಗೋದೇ ಒಂದು ದೊಡ್ಡ ಕತೆ. ನಮ್ಮಂತ ಅಂಗಡಿಗಳಲ್ಲಿ ನುಡಿ, ಬರಹ, ಶ್ರೀಲಿಪಿ ಅಂತ ನೂರಾರು ಕನ್ನಡ ಫಾಂಟ್ ತುಂಬ್ಸಿರ್ತೀವಿ ನೋಡಿ, ಅಷ್ಟೂ ಸಣ್ಣ ಸಣ್ಣ ಫೈಲು, ಡಿಸ್ಕಿನ ಮೂಲೆ ಮೂಲೆಯಲ್ಲಿ ಬಿದ್ದಿರ್ತಾವೆ.

ತೊಂದ್ರೆ ಇರೋದೇ ಈ ಸಣ್ಣ ಫೈಲುಗಳಲ್ಲಿ. ಮಾಮೂಲಿ ಹಾರ್ಡ್ ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗ್ತದೆ, ಅಂದ್ರೆ ಒಂದು ಸುತ್ತಿಗೆ 8 ಮಿಲಿಸೆಕೆಂಡಿಗಿಂತ ಒಂಚೂರು ಜಾಸ್ತಿ. ಹೆಡ್ಡು ಸರಿಯಾದ ಟ್ರ್ಯಾಕಿಗೆ ಹೋಗಿ ನಿಂತು, ಬೇಕಾದ ಜಾಗ ತಿರುಗಿ ಅದ್ರ ಕೆಳಗೆ ಬರೋವರೆಗೆ ಕಾಯ್ಬೇಕು. ಹಿಂಗೆ ಅಲ್ಲಲ್ಲಿ ಚೆಲ್ಲಿರೋ ತುಂಡುಗಳನ್ನ ಓದೋದಾದ್ರೆ ಸೆಕೆಂಡಿಗೆ ನೂರರ ಆಸುಪಾಸು ಓದಿದ್ರೆ ದೊಡ್ಡದು. ಎಸ್‌ಎಸ್‌ಡಿಯಲ್ಲಿ ತಿರುಗೋದು, ಸರಿಯೋದು ಏನೂ ಇಲ್ಲ, ಎಲ್ಲಾ ಫ್ಲ್ಯಾಶ್ ಚಿಪ್ಪು, ಸಾಟಾದ ಒಳ್ಳೆ ಡ್ರೈವ್ ಅದೇ ಕೆಲ್ಸನ ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡ್ತದೆ. ಡಬ್ಬಿ ಮೇಲೆ ದೊಡ್ಡದಾಗಿ 560 ಎಂಬಿ ಅಂತ ಬರ್ದಿರೋದು ಒಂದೇ ದೊಡ್ಡ ಫೈಲನ್ನ ಸರಾಗವಾಗಿ ಓದೋ ಸ್ಪೀಡು. ಅದನ್ನ ನೋಡಿ ಹಾರ್ಡ್ ಡಿಸ್ಕಿಗಿಂತ ನಾಲ್ಕು ಪಟ್ಟು ಅಷ್ಟೇನಾ ಅಂದ್ಕೋಬೇಡಿ, ವಿಂಡೋಸ್ ಬೂಟ್ ಆಗುವಾಗ ಕೆಲ್ಸಕ್ಕೆ ಬರೋದು ಆ ಸಣ್ಣ ತುಂಡುಗಳ ಲೆಕ್ಕ.

ಶಿವಮೊಗ್ಗಕ್ಕೆ ಹೇಗೂ ಪೇಪರ್ ತರೋಕೆ ಹೋಗೋದಿತ್ತು, ನೆಹರು ರೋಡ್ ಕಡೆ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಅದಕ್ಕೂ ಮುಂಚೆ ಊರಲ್ಲೇ ಸರ್ವಿಸ್ ಮಾಡೋರೊಬ್ರು ಇದೆಲ್ಲಾ ಆಗೋದಲ್ಲ ಬಿಡಿ, ಹೊಸ ಸಿಸ್ಟಮ್ಮೇ ತಗಳಿ ಅಂದಿದ್ರು. ಈ ಅಂಗಡಿ ಹುಡುಗ ಹಂಗೆ ಮಾಡ್ಲಿಲ್ಲ. "ಅಣ್ಣಾ, ರೇಟ್ ಆಮೇಲೆ ಹೇಳ್ತೀನಿ, ನಿಮ್ ಬೋರ್ಡ್ ಯಾವ್ದು ಅಂತ ಮೊದ್ಲು ಹೇಳಿ" ಅಂದ. ನಾನು ಫೋನಲ್ಲಿ ಬೋರ್ಡಿನ ಫೋಟೋ ತೆಗೆದಿಟ್ಕಂಡಿದ್ದೆ, ತೋರ್ಸಿದೆ. ಅಲ್ಲಿದ್ದ ಇನ್ನೊಬ್ಬ ಗಿರಾಕಿ ಪಕ್ಕದಿಂದ ಎನ್‌ವಿಎಂಇ ತಗಳಿ ಸಾರ್, ಅದು ಸೆಕೆಂಡಿಗೆ 3500 ಎಂಬಿ ಬರ್ತದೆ ಅಂದ್ರು. ಎನ್‌ವಿಎಂಇ ಅಂದ್ರೆ ಸಾಟಾ ಬಿಟ್ಟು ಬೇರೆ ದಾರಿಯಲ್ಲಿ ಓಡೋ, ಇನ್ನೂ ಫಾಸ್ಟ್ ಎಸ್‌ಎಸ್‌ಡಿ. ಹುಡುಗ ಬೇಡ ಅಂದ, ದುಬಾರಿ ಮಾಲು ಮಾರೋ ಅವಕಾಶ ಇದ್ರೂ ಬೇಡ ಅಂದ. ಅದಕ್ಕೇ ಆ ಅಂಗಡಿಗೆ ನನ್ನ ಕಡೆಯಿಂದ ಪೂರ್ತಿ ಮಾರ್ಕ್ಸ್.

ಯಾಕೆ ಬೇಡ ಅಂದ್ರೆ, ಎಚ್61, ಎಚ್81 ಕಾಲದ ಸಾಮಾನ್ಯ ಬೋರ್ಡುಗಳಲ್ಲಿ ಅದು ಕೂರೋ ಎಂ.2 ಸ್ಲಾಟೇ ಇರಲ್ಲ. ಗ್ರಾಫಿಕ್ಸ್ ಕಾರ್ಡ್ ಹಾಕೋ ಪಿಸಿಐಇ ಸ್ಲಾಟಿಗೆ ಅಡಾಪ್ಟರ್ ಕಾರ್ಡ್ ತಂದು ಅದ್ರಲ್ಲಿ ಕೂರಿಸ್ಬಹುದು, ವಿಂಡೋಸ್ ಒಳಗಿಂದ ಡ್ರೈವ್ ಕಾಣಿಸ್ತದೆ ಕೂಡ, ಆದ್ರೆ ಅದ್ರಿಂದ ಬೂಟ್ ಮಾಡ್ಬೇಕು ಅಂದ್ರೆ ಬಯೋಸ್‌ಗೆ (ಸ್ವಿಚ್ ಒತ್ತಿದ ಕೂಡ್ಲೆ ಮೊದ್ಲು ಓಡೋ ಬೋರ್ಡಿನ ಸಾಫ್ಟ್‌ವೇರ್) ಎನ್‌ವಿಎಂಇ ಅಂದ್ರೆ ಏನು ಅಂತ ಗೊತ್ತಿರ್ಬೇಕು. ಅದು ಬೋರ್ಡ್ ಕಂಪನಿಗಳ ಬಯೋಸ್‌ನಲ್ಲಿ ಸರಿಯಾಗಿ ಬರೋಕೆ ಶುರುವಾಗಿದ್ದು 2014ರಲ್ಲಿ ಬಂದ ಎಚ್97, ಝೆಡ್97 ನಂತರ. ಮಾಡಿಫೈ ಮಾಡಿದ ಬಯೋಸ್ ಹಾಕೋರೂ ಇದಾರೆ, ಮನೆಯಲ್ಲಿ ಪ್ರಯೋಗ ಮಾಡೋಕೆ ಓಕೆ, ದುಡಿಯೋ ಮಷಿನ್‌ಗೆ ನಾನು ಹಾಕಲ್ಲ. ಹೆಂಗೋ ಮಾಡಿ ಕೂರಿಸಿದ್ರೂ ಈ ಬೋರ್ಡುಗಳ ಪಿಸಿಐಇ ಹಳೆ ಕಾಲದ್ದು, 2.0. ತೋಟಕ್ಕೆ ಐದು ಎಚ್‌ಪಿ ಮೋಟ್ರು ತಂದು ಹಳೆ ಅರ್ಧ ಇಂಚಿನ ಪೈಪಿಗೆ ಸಿಕ್ಕಿಸಿದಂಗೆ ಆಗ್ತದೆ. ಸುಮ್ನೆ ಎರಡೂವರೆ ಇಂಚಿನ ಸಾಟಾ ಡ್ರೈವ್ ತಗಳಿ, ಹಳೆ ಕೇಬಲ್ಲು, ಹಳೆ ಪೋರ್ಟು, ಯಾವ ರಗಳೆನೂ ಇಲ್ಲ.

ನಾನು ತಗಂಡಿದ್ದು ಎರಡು. ಡಿಸೈನ್ ಮಷಿನ್‌ಗೆ ಸ್ಯಾಮ್‌ಸಂಗ್ 870 ಇವೊ 500 ಜಿಬಿ, ಕೌಂಟರ್‌ಗೆ ಕಿಂಗ್‌ಸ್ಟನ್ ಎ400 240 ಜಿಬಿ. ರೇಟ್ ಇಲ್ಲಿ ಬರಿಯಲ್ಲ, ಈ ಮೆಮರಿ ಐಟಮ್‌ಗಳ ರೇಟು ಅಡಿಕೆ ರೇಟ್ ಥರ ದಿನಾ ಏರಿಳಿತದೆ, ತಗಳ್ಳೋ ದಿನ ಎರಡು ಕಡೆ ಕೇಳಿ. ಎರಡೂ ನೋಡೋಕೆ ಒಂದೇ ಥರ, ಅಂಗೈ ಅಗಲ, 7 ಮಿಲಿಮೀಟರ್ ದಪ್ಪ. ವ್ಯತ್ಯಾಸ ಒಳಗಿದೆ. 870 ಇವೊದಲ್ಲಿ ಡಿರ‍್ಯಾಮ್ ಕ್ಯಾಶ್ ಅಂತ ಒಂದು ಪ್ರತ್ಯೇಕ ಮೆಮರಿ ಚಿಪ್ ಇರ್ತದೆ, ಯಾವ ಡೇಟಾ ಎಲ್ಲಿದೆ ಅನ್ನೋ ಪಟ್ಟಿನ ಡ್ರೈವ್ ಅದ್ರಲ್ಲಿ ಇಟ್ಕಂಡಿರ್ತದೆ, ಅದ್ಕೆ ಡ್ರೈವ್ ತುಂಬ್ತಾ ಬಂದ್ರೂ, ಒಟ್ಟಿಗೆ ದೊಡ್ಡ ದೊಡ್ಡ ಫೈಲ್ ಬರೆದ್ರೂ ಸ್ಪೀಡ್ ಅಷ್ಟಾಗಿ ಬೀಳಲ್ಲ. ಎ400 ಥರದ ಕಮ್ಮಿ ರೇಟಿನ ಡ್ರೈವ್‌ಗಳಲ್ಲಿ ಆ ಚಿಪ್ ಇಲ್ಲ. ಬ್ರೌಸರ್ರು, ಸ್ಕ್ಯಾನು, ಪ್ರಿಂಟು ಇಷ್ಟೇ ಮಾಡೋ ಮಷಿನ್‌ಗೆ ಅದು ಗೊತ್ತೇ ಆಗಲ್ಲ. ವಾರಂಟಿ 870 ಇವೊಗೆ 5 ವರ್ಷ, ಎ400ಗೆ 3 ವರ್ಷ. ಬರಿಯೋ ಮಿತಿ ಅಂತ ಕಂಪನಿಯವ್ರೇ ಕೊಡ್ತಾರೆ, ಟಿಬಿಡಬ್ಲ್ಯೂ ಅಂತಾರೆ, ಇವೊ 500 ಜಿಬಿಗೆ 300 ಟಿಬಿ, ಎ400 240 ಜಿಬಿಗೆ 80 ಟಿಬಿ. ಎಸ್‌ಎಸ್‌ಡಿ ಬೇಗ ಸವೆದು ಹೋಗ್ತದಂತೆ ಹೌದಾ ಅಂತ ತುಂಬಾ ಜನ ಕೇಳ್ತಾರೆ, ಅವ್ರಿಗೆ ಈ ಲೆಕ್ಕ ಹೇಳ್ತೀನಿ: ದಿನಕ್ಕೆ 20 ಜಿಬಿ ಬರೆದ್ರೂ, ನಮ್ಮಂತ ಅಂಗಡಿಯಲ್ಲಿ ಅಷ್ಟೆಲ್ಲಾ ಆಗೋದೇ ಅಪರೂಪ, 300 ಟಿಬಿ ಮುಗಿಯೋಕೆ 40 ವರ್ಷದ ಮೇಲೆ ಬೇಕು. 80 ಟಿಬಿಗೂ ಹತ್ತು ವರ್ಷ ದಾಟ್ತದೆ. ಅಷ್ಟೊತ್ತಿಗೆ ಬೋರ್ಡ್ ಇರ್ತದೋ ಇಲ್ವೋ.

ಹೆಸರೇ ಕೇಳದ ಬ್ರ್ಯಾಂಡಿನ ಎಸ್‌ಎಸ್‌ಡಿಗಳು ಆನ್‌ಲೈನಲ್ಲಿ ಇನ್ನೂ ಅಗ್ಗಕ್ಕೆ ಸಿಗ್ತಾವೆ. ಒಳಗೆ ಯಾವ ಫ್ಲ್ಯಾಶ್ ಹಾಕಿದಾರೆ ಅಂತ ಯಾರಿಗೂ ಗೊತ್ತಿಲ್ಲ, ವಾರಂಟಿಗೆ ಯಾರ ಬಾಗ್ಲು ತಟ್ಟೋದು ಅಂತನೂ ಗೊತ್ತಿಲ್ಲ. ಬೂಟ್ ಡ್ರೈವ್‌ಗೆ ದಯವಿಟ್ಟು ಅದನ್ನ ಹಾಕ್ಬೇಡಿ.

ಫಿಟ್ ಮಾಡೋ ಕೆಲ್ಸ ನಾವೇ ಮಾಡಿದ್ದು, ಕಷ್ಟ ಏನಿಲ್ಲ. ಕ್ಯಾಬಿನೆಟ್ ಬಿಚ್ಚಿದ್ರೆ ನಮ್ ಮಲೆನಾಡಿನ ಮಷಿನ್ ಒಳಗೆ ಎಂತೆಂತದೆಲ್ಲಾ ಇರ್ತದೆ ಅಂತ ಬಿಚ್ಚಿದೋರಿಗೇ ಗೊತ್ತು. ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬಿ) ಫ್ಯಾನಿನ ಹಿಂದೆ ಹಲ್ಲಿ ಮೊಟ್ಟೆ ಸಿಪ್ಪೆ, ಪ್ರೊಸೆಸರ್ ಹೀಟ್ ಸಿಂಕ್ ಮೇಲೆ ತೇವ ಹಿಡಿದು ಅಂಟಿಕಂಡ ಧೂಳು, ಬರೀ ಊದಿದ್ರೆ ಹೋಗಲ್ಲ, ಪೇಂಟಿಂಗ್ ಬ್ರಷ್ಷೇ ಬೇಕು. ಬಿಚ್ಚಿದ್ಮೇಲೆ ರ‍್ಯಾಮ್ ತೆಗೆದು ಅದ್ರ ಬಂಗಾರದ ಬಣ್ಣದ ಕಾಲುಗಳನ್ನ ಮಕ್ಕಳ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ ಹಾಕಿ, ಮಳೆಗಾಲದ ಥಂಡಿಗೆ ಅದು ಕಪ್ಪಾಗಿರ್ತದೆ, ಡಿಸ್‌ಪ್ಲೇ ಬರ್ದೇ ಬೀಪ್ ಬೀಪ್ ಅನ್ನೋ ಅರ್ಧ ಕಂಪ್ಲೇಂಟು ಇದ್ರಲ್ಲೇ ಹೋಗ್ತದೆ. ಬೋರ್ಡ್ ಮೇಲಿನ ಬಿಲ್ಲೆ ಥರದ ಸಿಆರ್2032 ಸೆಲ್ಲನ್ನೂ ಅವತ್ತೇ ಬದಲಾಯಿಸ್ಬಿಡಿ, ಅದು ಹೋದ್ರೆ ಡೇಟು ಹಿಂದಕ್ಕೆ ಹೋಗಿ ಸರ್ಕಾರಿ ವೆಬ್‌ಸೈಟೇ ತೆರೆಯಲ್ಲ, ಬಯೋಸ್ ಸೆಟ್ಟಿಂಗೂ ಅಳಿಸಿ ಹೋಗ್ತದೆ.

ಡ್ರೈವ್ ಕೂರಿಸೋಕೆ ಮೂರೂವರೆ ಇಂಚಿನ ಜಾಗಕ್ಕೆ ಒಂದು ಬ್ರಾಕೆಟ್ ಸಿಗ್ತದೆ. ಬ್ರಾಕೆಟ್ ಇಲ್ದಿದ್ರೆ ಒಂದು ಸ್ಕ್ರೂ ಹಾಕಿ ನಿಲ್ಲಿಸಿದ್ರೂ ನಡೀತದೆ, ಒಳಗೆ ತಿರುಗೋದು ಏನಿಲ್ವಲ್ಲ. ಆದ್ರೆ ಪವರ್ ಕೇಬಲ್ ವಿಷಯದಲ್ಲಿ ಹುಷಾರು. ಹಳೆ ಎಸ್‌ಎಂಪಿಎಸ್‌ಗಳಲ್ಲಿ ಸಾಟಾ ಪವರ್ ಪಿನ್ ಒಂದೋ ಎರಡೋ ಇರ್ತದೆ, ಸಾಲದೆ ಬಂದಾಗ ಹಳೆ ಕಾಲದ ನಾಲ್ಕು ಪಿನ್ನಿನ ಮೊಲೆಕ್ಸ್‌ನಿಂದ ಸಾಟಾಗೆ ಮಾಡೋ ಕನ್ವರ್ಟರ್ ತಗಳ್ಳೋಕೆ ಹೋಗ್ತೀವಿ. ಅದ್ರಲ್ಲಿ ವೈರ್‌ಗಳ ಮೇಲೆ ಪ್ಲಾಸ್ಟಿಕ್ ಕರಗಿಸಿ ಒಟ್ಟಿಗೆ ಅಚ್ಚು ಹಾಕಿರೋ ಅಗ್ಗದ ಮಾಲು ಬರ್ತದೆ, ಒಳಗೆ ವೈರ್‌ಗಳು ಹತ್ತಿರ ಹತ್ತಿರ ಬಂದು ಶಾರ್ಟ್ ಆಗಿ ಸುಟ್ಟು ಹೋಗಿರೋ ಉದಾಹರಣೆ ಬೇಕಾದಷ್ಟಿವೆ. ಒಂದೊಂದು ವೈರ್ ಬೇರೆ ಬೇರೆ ಕ್ರಿಂಪ್ ಮಾಡಿ ಪಿನ್ ಹಾಕಿರೋದನ್ನೇ ಕೇಳಿ ತಗಳಿ.

ಎಚ್81ರಲ್ಲಿ ನಾಲ್ಕು ಸಾಟಾ ಪೋರ್ಟ್‌ನಲ್ಲಿ ಎರಡು ಮಾತ್ರ ಪೂರ್ತಿ 6 ಗಿಗಾಬಿಟ್‌ನವು, ಉಳಿದೆರಡು 3. ಬೋರ್ಡ್ ಮೇಲೆ ಸಣ್ಣಕ್ಷರದಲ್ಲಿ ಬರ್ದಿರ್ತದೆ, ಎಷ್ಟೋ ಬೋರ್ಡಲ್ಲಿ ಬಣ್ಣನೂ ಬೇರೆ ಇರ್ತದೆ, ಟಾರ್ಚ್ ಬಿಟ್ಟು ನೋಡಿ ಸರಿಯಾದ್ದಕ್ಕೆ ಹಾಕಿ. ಎಚ್61 ಚಿಪ್‌ಸೆಟ್ಟಿನಲ್ಲಿ ಎಲ್ಲಾ 3 ಗಿಗಾಬಿಟ್‌ನವೇ, ಹಾಗಾಗಿ ಅಲ್ಲಿ 300 ಎಂಬಿಗಿಂತ ಮೇಲೆ ಹೋಗೋದೇ ಇಲ್ಲ. ಕೌಂಟರ್ ಮಷಿನ್‌ಗೆ ದುಬಾರಿ ಡ್ರೈವ್ ಹಾಕ್ದೇ ಇರೋದಕ್ಕೆ ಇದೂ ಒಂದು ಕಾರಣ. ಬೇಜಾರು ಮಾಡ್ಕಳ್ಳೋದು ಏನೂ ಬೇಡ, ಸಣ್ಣ ಫೈಲ್ ಓದೋ ಲಾಭ ಅಲ್ಲೂ ಹೆಚ್ಚುಕಮ್ಮಿ ಹಾಗೇ ಸಿಗ್ತದೆ.

ಬಯೋಸ್‌ನಲ್ಲಿ ಸಾಟಾ ಮೋಡ್ ಐಡಿಇ ಅಂತ ಇದ್ರೆ ಎಎಚ್‌ಸಿಐಗೆ ಬದಲಾಯಿಸ್ಬೇಕು, ಇಲ್ಲಾಂದ್ರೆ ಒಟ್ಟೊಟ್ಟಿಗೆ ಬರೋ ಕೆಲ್ಸಗಳನ್ನ ಸಾಲಾಗಿ ಹಿಡಿಯೋ ಎನ್‌ಸಿಕ್ಯೂ ಸಿಗಲ್ಲ. ಹಳೆ ವಿಂಡೋಸ್ ಇಟ್ಕಂಡೇ ಸಡನ್ನಾಗಿ ಬದಲಾಯಿಸಿದ್ರೆ ನೀಲಿ ಸ್ಕ್ರೀನ್ ಬರ್ತದೆ. ವಿಂಡೋಸ್ 10 ಆದ್ರೆ ಮೊದ್ಲು ಸೇಫ್ ಮೋಡಿಗೆ ಹೋಗೋ ಹಾಗೆ ಸೆಟ್ ಮಾಡಿ ರೀಸ್ಟಾರ್ಟ್ ಮಾಡಿ, ಬಯೋಸ್‌ನಲ್ಲಿ ಎಎಚ್‌ಸಿಐ ಮಾಡಿ, ಸೇಫ್ ಮೋಡಲ್ಲಿ ಒಂದ್ಸಲ ಬೂಟ್ ಆದ್ಮೇಲೆ ನಾರ್ಮಲ್‌ಗೆ ತಂದ್ರೆ ಆಯ್ತು, ಡ್ರೈವರ್ ತಾನೇ ಕೂರ್ತದೆ.

ಈಗ ಕ್ಲೋನ್ ಮಾಡೋದಾ (ಹಳೆ ಡಿಸ್ಕಲ್ಲಿರೋದನ್ನ ಹಾಗೇ ಹೊಸದಕ್ಕೆ ನಕಲು ಮಾಡೋದು), ಫ್ರೆಶ್ಶಾಗಿ ವಿಂಡೋಸ್ ಹಾಕೋದಾ ಅನ್ನೋ ಪ್ರಶ್ನೆ. ಕಸ ಎಲ್ಲಾ ಹೋಗ್ಲಿ ಫ್ರೆಶ್ ಹಾಕಿ ಅಂತ ಎಲ್ಲರೂ ಹೇಳ್ತಾರೆ, ಮನೆ ಮಷಿನ್‌ಗೆ ಅದೇ ಸರಿ. ಆದ್ರೆ ಡಿಟಿಪಿ ಮಷಿನ್ ಕತೆ ಬೇರೆ. ಶ್ರೀಲಿಪಿ ಲೈಸೆನ್ಸಿನ ಡಾಂಗಲ್ಲು, ಹಳೆ ಪೇಜ್‌ಮೇಕರ್ರು, ಡ್ರೈವರ್ ಸಿಡಿ ಎಲ್ಲೋ ಕಳೆದೋಗಿರೋ ಪ್ರಿಂಟರ್ರು, ವರ್ಷಗಟ್ಟಲೆ ಸೇರ್ಸಿದ ಫಾಂಟು, ಇದನ್ನೆಲ್ಲಾ ಮತ್ತೆ ಒಂದೊಂದಾಗಿ ಹಾಕಿ ಹೊಂದಿಸೋದು ಮದುವೆ ಸೀಸನ್ ಮುಂದಿಟ್ಕಂಡು ಆಗೋ ಮಾತಲ್ಲ. ಡಿಸೈನ್ ಮಷಿನ್ ಕ್ಲೋನ್ ಮಾಡಿದ್ವಿ. ಸ್ಯಾಮ್‌ಸಂಗ್‌ನವ್ರು ತಮ್ಮ ಡ್ರೈವ್‌ಗೆ ಅಂತಲೇ ಡೇಟಾ ಮೈಗ್ರೇಶನ್ ಸಾಫ್ಟ್‌ವೇರ್ ಫ್ರೀಯಾಗಿ ಕೊಡ್ತಾರೆ, ಬೇರೆ ಬ್ರ್ಯಾಂಡ್ ಆದ್ರೆ ಕ್ಲೋನ್‌ಝಿಲ್ಲಾ ಇದೆ, ಅದೂ ಫ್ರೀ, ಆದ್ರೆ ಅದ್ರಲ್ಲಿ ಯಾವ್ದು ಹಳೇದು ಯಾವ್ದು ಹೊಸದು ಅಂತ ಎರಡೆರಡು ಸಲ ನೋಡಿ ಒತ್ತಿ, ಉಲ್ಟಾ ಆದ್ರೆ ಖಾಲಿ ಡ್ರೈವ್ ಬಂದು ತುಂಬಿದ ಡ್ರೈವ್ ಮೇಲೆ ಕೂರ್ತದೆ. ಕ್ಲೋನ್ ಮುಗಿದ ಮೇಲೆ ಮೊದಲನೇ ಸಲ ಬೂಟ್ ಮಾಡುವಾಗ ಹಳೆ ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತಿಡಿ. ಎರಡೂ ಡ್ರೈವ್‌ಗೆ ಒಂದೇ ಗುರುತಿನ ನಂಬರ್ ಇರ್ತದೆ, ವಿಂಡೋಸ್ ಗೊಂದಲ ಮಾಡ್ಕಂಡು ಒಂದನ್ನ ಆಫ್‌ಲೈನ್ ಮಾಡಿಬಿಡ್ತದೆ, ಕೆಲವು ಸಲ ಹಳೇದ್ರಿಂದಲೇ ಬೂಟ್ ಆಗಿ ಏನೂ ಫರಕ್ಕೇ ಕಾಣ್ತಿಲ್ವಲ್ಲ ಅಂತ ತಲೆ ಕೆಡ್ತದೆ.

ರಿಸಲ್ಟ್ ಹೇಳ್ತೀನಿ. ಡಿಸೈನ್ ಮಷಿನ್ ಮೊದ್ಲು ಸ್ವಿಚ್ ಒತ್ತಿ ಕೆಲ್ಸ ಶುರು ಮಾಡೋಕೆ ಮೂರು ನಾಲ್ಕು ನಿಮಿಷ ತಗಳ್ಳೋದು, ಈಗ ಅರ್ಧ ನಿಮಿಷದ ಒಳಗೆ ಮೌಸ್ ಹಿಡಿದ್ರೆ ಕೆಲ್ಸ ಮಾಡ್ತದೆ. ಕೋರೆಲ್ ಡ್ರಾ ಅಷ್ಟೂ ಫಾಂಟ್ ಇದ್ರೂ ಕೆಲವೇ ಸೆಕೆಂಡಲ್ಲಿ ತೆರೀತದೆ. ಇದಕ್ಕಿಂತ ನಂಗೆ ಖುಷಿ ಕೊಟ್ಟಿದ್ದು ಇನ್ನೊಂದು: ಲಗ್ನಪತ್ರಿಕೆ ಮಾಡ್ತಾ ಇರುವಾಗ ಗಿರಾಕಿ ಹಿಂದೆ ನಿಂತು "ಹೋದ್ವರ್ಷ ನಮ್ ಅಕ್ಕನ ಮದುವೆಗೆ ಮಾಡಿದ್ರಲ್ಲ, ಆ ಗಣಪತಿ ಹಾಕಿ" ಅಂದ್ರೆ ಹಳೆ ಫೋಲ್ಡರ್ ತೆರೆದು ನೂರಾರು ಫೈಲಿನ ಸಣ್ಣ ಚಿತ್ರಗಳು ಪಟ ಪಟ ಬಂದು ನಿಲ್ತಾವೆ, ಅವ್ರು ಅಲ್ಲೇ ಬೆರಳು ತೋರ್ಸಿ ಇದು ಅಂತಾರೆ. ಮೊದ್ಲು ಒಂದೊಂದು ಚಿತ್ರ ಬರೋಕೂ ಕಾಯ್ಬೇಕಿತ್ತು, ಮಾತು ಅಲ್ಲೇ ನಿಲ್ತಿತ್ತು. ಈಗ ಗಿರಾಕಿ ಜೊತೆ ಕೂತು ಡಿಸೈನ್ ಮಾಡೋ ಕೆಲ್ಸ ಕೆಲ್ಸದ ಥರ ನಡೀತದೆ. ಕೌಂಟರ್ ಮಷಿನ್‌ನಲ್ಲಿ ಬ್ರೌಸರ್, ಪಿಡಿಎಫ್, ಸ್ಕ್ಯಾನರ್ ಒಟ್ಟಿಗೆ ತೆರೆದಿಟ್ರೂ ಕುಂಟಲ್ಲ. 4 ಜಿಬಿ ರ‍್ಯಾಮ್ ತುಂಬಿದಾಗ ವಿಂಡೋಸ್ ಡ್ರೈವಿನ ಜಾಗನೇ ರ‍್ಯಾಮ್ ಥರ ಬಳಸ್ತದೆ ಅಲ್ವಾ, ಅದು ಎಸ್‌ಎಸ್‌ಡಿ ಆಗಿರೋದ್ರಿಂದ ಒದ್ದಾಟ ಕಮ್ಮಿ. ಆದ್ರೂ ಆಮೇಲೆ ಸೆಕೆಂಡ್ ಹ್ಯಾಂಡ್ ಡಿಡಿಆರ್3 4 ಜಿಬಿ ಸ್ಟಿಕ್ ಇನ್ನೊಂದು ಹಾಕಿದೀವಿ, 8 ಇದ್ರೇ ನೆಮ್ಮದಿ.

ಏನೇನು ಬದಲಾಗಲ್ಲ ಅನ್ನೋದನ್ನೂ ಹೇಳ್ಬೇಕು. ಫೋಟೋಶಾಪಲ್ಲಿ ಭಾರಿ ಫಿಲ್ಟರ್ ಹಾಕಿದ್ರೆ, ವಿಡಿಯೋ ಎಕ್ಸ್‌ಪೋರ್ಟ್ ಮಾಡಿದ್ರೆ ಅದು ಪ್ರೊಸೆಸರ್ ಕೆಲ್ಸ, ಮೊದ್ಲಿನಷ್ಟೇ ಹೊತ್ತು. ಪ್ರಿಂಟರ್ ವೇಗ ಅದೇ. ಸರ್ಕಾರಿ ಸರ್ವರ್ ಅದೇ. ಗೇಮ್ ಆಡೋ ಹುಡುಗ್ರಿಗೆ ಲೋಡಿಂಗ್ ಬೇಗ ಆಗ್ತದೆ, ಫ್ರೇಮ್ ರೇಟ್ ಏರಲ್ಲ.

ನಮ್ ಕಡೆಯವ್ರು ಮುಖ್ಯವಾಗಿ ಗಮನಿಸ್ಬೇಕಾಗಿದ್ದು ಕರೆಂಟು. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಗೆ ಕೊಂಬೆ ಬಿದ್ದು ದಿನಕ್ಕೆ ಎಷ್ಟು ಸಲ ಹೋಗಿ ಬರ್ತದೆ ಅಂತ ಹೇಳೋಕಾಗಲ್ಲ. ಮಾಮೂಲಿ ಎಸ್‌ಎಸ್‌ಡಿಗಳಲ್ಲಿ ಕರೆಂಟ್ ಹೋದ ಕ್ಷಣ ಬರಿತಾ ಇದ್ದ ಡೇಟಾನ ಪೂರ್ತಿ ಮುಗಿಸೋಷ್ಟು ಕೆಪಾಸಿಟರ್ ಇರಲ್ಲ, ಅದು ಇರೋದು ಸರ್ವರ್ ಡ್ರೈವ್‌ಗಳಲ್ಲಿ. ಯುಪಿಎಸ್ ಬ್ಯಾಟರಿ ಸತ್ತಿದ್ರೆ ಎಸ್‌ಎಸ್‌ಡಿ ಜೊತೆಗೇ ಅದನ್ನೂ ಬದಲಾಯಿಸಿ, ಅರ್ಥಿಂಗ್ ನೋಡಿಸಿ. ಏಪ್ರಿಲ್ ಮೇ ಸಿಡಿಲಿಗೆ ಪ್ಲಗ್ಗೂ ತೆಗೀರಿ, ಇಂಟರ್ನೆಟ್ ಕೇಬಲ್ಲೂ ತೆಗೀರಿ, ಎಷ್ಟೋ ಬೋರ್ಡುಗಳು ಆ ಕೇಬಲ್ ದಾರಿಯಲ್ಲೇ ಸತ್ತಿದಾವೆ.

ಇನ್ನೊಂದು, ಹಾರ್ಡ್ ಡಿಸ್ಕ್ ಹಾಳಾಗುವಾಗ ಬಹಳ ಸಲ ಕಟ ಕಟ ಅಂತ ಸೂಚನೆ ಕೊಡ್ತದೆ, ಸ್ಲೋ ಆಗ್ತದೆ, ಡೇಟಾ ತೆಗೆಯೋಕೆ ಟೈಮ್ ಸಿಗ್ತದೆ. ಎಸ್‌ಎಸ್‌ಡಿ ಹೋದ್ರೆ ಸದ್ದೇ ಇಲ್ದೆ ಹೋಗಬಹುದು, ಬೆಳಿಗ್ಗೆ ಬಂದು ನೋಡಿದ್ರೆ ಬಯೋಸ್‌ನಲ್ಲೇ ಕಾಣ್ಸಲ್ಲ, ರಿಕವರಿನೂ ಕಷ್ಟ. ಅದ್ಕೆ ಹಳೆ ಹಾರ್ಡ್ ಡಿಸ್ಕ್ ಚೆನ್ನಾಗಿದ್ರೆ ಎಸೀಬೇಡಿ. ನಮ್ದು ಎರಡನೇ ಡ್ರೈವ್ ಆಗಿ ಅಲ್ಲೇ ಇದೆ, ಗಿರಾಕಿಗಳ ಹಳೆ ಫೈಲ್ ಎಲ್ಲಾ ಅದ್ರಲ್ಲಿ, ಬೂಟ್ ಡ್ರೈವ್‌ನ ಕೆಲ್ಸದ ಫೋಲ್ಡರ್ ದಿನಾ ಸಂಜೆ ಅದಕ್ಕೆ ಕಾಪಿ ಆಗ್ತದೆ, ತಿಂಗಳಿಗೊಮ್ಮೆ ಹೊರಗಿನ ಡ್ರೈವ್‌ಗೂ ತೆಗೀತೀವಿ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಸಾಫ್ಟ್‌ವೇರ್ ಹಾಕಿ ಡ್ರೈವಿನ ಹೆಲ್ತ್ ಪರ್ಸೆಂಟ್ ಆಗಾಗ ನೋಡ್ತಾ ಇರಿ. ಎಸ್‌ಎಸ್‌ಡಿಗೆ ಡೇಟಾ ತುಂಬಿ ಗಾಡ್ರೇಜಲ್ಲಿ ವರ್ಷಗಟ್ಟಲೆ ಇಡೋ ಕೆಲ್ಸನೂ ಬೇಡ, ಕರೆಂಟ್ ಕೊಡ್ದೇ ಬಿಟ್ರೆ ಚಿಪ್ಪಿನೊಳಗಿನ ಚಾರ್ಜ್ ಮೆಲ್ಲಗೆ ಸೋರ್ತದೆ. ಮದುವೆ ವಿಡಿಯೋ, ತೋಟದ ದಾಖಲೆ ಸ್ಕ್ಯಾನು ಇಂತದ್ದಕ್ಕೆ ಹಾರ್ಡ್ ಡಿಸ್ಕೇ ಸರಿ. ಡಿಫ್ರಾಗ್ ಮಾಡ್ಬೇಕಾ ಅಂತ ಕೇಳೋರಿಗೆ: ಬೇಡ. ವಿಂಡೋಸ್ 10 ಎಸ್‌ಎಸ್‌ಡಿ ಅಂತ ಗುರುತು ಹಿಡಿದು ತಾನೇ ಟ್ರಿಮ್ ಮಾಡ್ಕಳ್ತದೆ (ಅಳಿಸಿದ ಫೈಲಿನ ಜಾಗ ಖಾಲಿ ಅಂತ ಡ್ರೈವಿಗೆ ಹೇಳೋದು), ಆಪ್ಟಿಮೈಸ್ ಡ್ರೈವ್ಸ್ ಅಂತ ತೆರೆದ್ರೆ ಸಾಲಿಡ್ ಸ್ಟೇಟ್ ಡ್ರೈವ್ ಅಂತ ತೋರ್ಸಿದ್ರೆ ಸಾಕು.

ವಿಂಡೋಸ್ ವಿಷಯನೂ ಬಂತು. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ ಇಂಟೆಲ್ ಎಂಟನೇ ಜನರೇಶನ್ ಮತ್ತು ಟಿಪಿಎಂ 2.0 ಅನ್ನೋ ಸೆಕ್ಯೂರಿಟಿ ವ್ಯವಸ್ಥೆ ಬೇಕು ಅಂತಾರೆ, ನಮ್ಮ ಎರಡೂ ಮಷಿನ್ ಅದ್ರ ಹತ್ರಕ್ಕೂ ಬರಲ್ಲ. ಡಿಸೈನ್ ಮಷಿನ್‌ನ ಎಕ್ಸ್‌ಟೆಂಡೆಡ್ ಸೆಕ್ಯೂರಿಟಿ ಅಪ್‌ಡೇಟಿಗೆ ಸೇರ್ಸಿದೀವಿ, ಅದು 2026ರ ಅಕ್ಟೋಬರ್ 13ರ ತನಕ. ಕೌಂಟರ್ ಮಷಿನ್‌ಗೆ ವಿಂಡೋಸ್ ಬದ್ಲು ಲಿನಕ್ಸ್ ಮಿಂಟ್ ಅನ್ನೋ ಫ್ರೀ ಆಪರೇಟಿಂಗ್ ಸಿಸ್ಟಮ್ ಹಾಕೋ ತಯಾರಿ ನಡೀತಿದೆ. ಅದ್ರಲ್ಲಿ ಕನ್ನಡ ಟೈಪಿಂಗ್‌ಗೆ ನುಡಿಯಲ್ಲಿ ಅಭ್ಯಾಸ ಇರೋ ಕೆಜಿಪಿ ಕೀಲಿಮಣೆ ವಿನ್ಯಾಸನೇ ಸಿಗ್ತದೆ, ಹುಡುಗ್ರು ಹೊಸದಾಗಿ ಕಲಿಯೋದಿಲ್ಲ. ಎಸ್‌ಎಸ್‌ಡಿ ಮೇಲೆ ಮಿಂಟ್ ಎಷ್ಟು ಹಗುರ ಓಡ್ತದೆ ಅಂತ ಪೆನ್‌ಡ್ರೈವ್‌ನಿಂದ ಲೈವ್ ಹಾಕಿ ನೋಡಿದಾಗಲೇ ಅಂದಾಜಾಯ್ತು.

ಯಾರು ಹಾಕಿಸ್ಬಾರ್ದು ಅಂದ್ರೆ, ಬೋರ್ಡ್ ಮೇಲೆ ಕೆಪಾಸಿಟರ್ ಉಬ್ಬಿರೋರು, ದಿನಕ್ಕೊಂದ್ಸಲ ತಾನೇ ರೀಸ್ಟಾರ್ಟ್ ಆಗ್ತಿರೋರು. ಅಂತ ಮಷಿನ್‌ಗೆ ಮೊದ್ಲು ಎಸ್‌ಎಂಪಿಎಸ್, ಬೋರ್ಡ್ ತೋರ್ಸಿ. ಕೋರ್ 2 ಡ್ಯುಯೋ ಕಾಲದ್ದಕ್ಕೂ ನಾನಾದ್ರೆ ದುಡ್ಡು ಹಾಕಲ್ಲ, ಈಗಿನ ಬ್ರೌಸರ್‌ಗೆ ಆ ಪ್ರೊಸೆಸರ್ರೇ ಸಾಲಲ್ಲ. ಎರಡನೇ ಜನರೇಶನ್ ಐ3ಯಿಂದ ಮೇಲೆ ಯಾವ್ದಿದ್ರೂ ಕಣ್ಣು ಮುಚ್ಚಿ ಹಾಕ್ಸಿ. ತಗಳ್ಳುವಾಗ ಜಿಎಸ್‌ಟಿ ಬಿಲ್ಲೇ ಕೇಳಿ, ಅದ್ರ ಮೇಲೆ ಡ್ರೈವಿನ ಸೀರಿಯಲ್ ನಂಬರ್ ಬರೆಸ್ಕಳಿ. ಥರ್ಮಲ್ ಪೇಪರ್‌ನಲ್ಲಿ ಕೊಡೋ ಬಿಲ್ ವರ್ಷ ಕಳೆಯೋದ್ರೊಳಗೆ ಬಿಳಿ ಹಾಳೆ ಆಗಿರ್ತದೆ, ಅವತ್ತೇ ಫೋಟೋ ತೆಗೆದು ಇಟ್ಕಳಿ, ಡ್ರೈವ್ ಮೇಲಿನ ಸ್ಟಿಕ್ಕರ್‌ನದ್ದೂ ಒಂದು ತೆಗೀರಿ, ಕ್ಯಾಬಿನೆಟ್ ಮುಚ್ಚೋಕೆ ಮುಂಚೆ.